ಓದು ಕೇಳುವ ಆಮೆ

ನಾನು ಓದು ನಿಲ್ಲಿಸಿದ್ದು ೧೯೮೯ರಲ್ಲಿ, ಏಳನೆಯ ಕ್ಲಾಸಿನ ಅರ್ಧದಲ್ಲಿ. ಯಾರೂ ಬಿಡಿಸಿದ್ದಲ್ಲ. ಇಂಥ ಮಾತು ಹೇಳಿದ ಕೂಡಲೇ ಕೇಳುವವರು ಮುಖ ಸಣ್ಣ ಮಾಡಿಕೊಂಡು "ಪಾಪ, ಬಡತನ ಅಲ್ವಾ" ಅನ್ನುತ್ತಾರೆ. ಬಡತನ ಇತ್ತು, ಆದರೆ ಕಾರಣ ಅದಲ್ಲ. ನಮ್ಮ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನಿಂತು ಗಟ್ಟಿಯಾಗಿ ಓದು ಅಂದರೆ ನನ್ನ ಬಾಯಿಂದ ಬರುತ್ತಿದ್ದದ್ದು ಎರಡರ ನಡುವಿನ ಯಾವುದೋ ಒಂದು. ಮೊದಲು ಮಾಸ್ಟ್ರು ನಗುತ್ತಿದ್ದರು, ಅವರ ಹಿಂದೆ ಇಡೀ ಕ್ಲಾಸು. ಒಂದು ದಿನ ಪುಸ್ತಕವನ್ನು ಬೆಂಚಿನ ಮೇಲಿಟ್ಟು ಎದ್ದು ನಡೆದೆ. ಸೋದರಮಾವನ ಶೆಡ್ಡಿನಲ್ಲಿ ಹಲಸಿನ ಮರದ ಬಾಗಿಲು ಕೀಸುತ್ತಿದ್ದರು. "ಎಂತ ಮಾರಾಯ, ರಜೆಯಾ?" ಅಂದರು ಮಾವ. "ಹೌದು" ಅಂದೆ. ಆ ರಜೆ ಇನ್ನೂ ಮುಗಿದಿಲ್ಲ.

ಕನ್ನಡ ಓದಲು ಬರೆಯಲು ಆಮೇಲೆ ನಾನಾಗಿಯೇ ಕಲಿತೆ, ಹೋಟೆಲಿನಲ್ಲಿ ಪೇಪರು ಓದಿ ಓದಿ. ಯಾರ ಎದುರೂ ಗಟ್ಟಿಯಾಗಿ ಓದಲಿಲ್ಲ, ಅಷ್ಟೆ. ಕುವೈತಿಗೆ ಬಂದು ಇಪ್ಪತ್ತೆರಡು ವರ್ಷ ದಾಟಿತು. ಸುಲೈಬಿಯಾದ ಗೋದಾಮುಗಳ ಸಾಲಿನಲ್ಲಿ ನಮ್ಮದೊಂದು ಸೋಫಾ ಮಾಡುವ ಕಾರ್ಖಾನೆ ಉಂಟು. ಚೌಕಟ್ಟು ಪೂರಾ ನನ್ನದು. ನಾನು ಕೂಡಿಸಿದ ಸೋಫಾ ಕಿರುಗುಟ್ಟಿತು ಅಂತ ಹೇಳಿದವರನ್ನು ಇದುವರೆಗೆ ನೋಡಿಲ್ಲ. ಸ್ಪಂಜು, ಬಟ್ಟೆಯ ಕೆಲಸಕ್ಕೆ ಮಂಗಳೂರು ಕಡೆಯ ಒಬ್ಬ ಪೊರ್ಬು, ಅಂದರೆ ಕ್ರಿಶ್ಚಿಯನ್, ಇದ್ದಾನೆ. ಮನೆಮಾತು ಕೊಂಕಣಿ, ನನ್ನ ಹತ್ತಿರ ತುಳು, ಜಗಳಕ್ಕೆ ಕನ್ನಡ. ನನ್ನನ್ನು "ಆಚಾರ್ರೇ" ಅಂತ ಕರೆಯುತ್ತಾನೆ. ಊರಿನಲ್ಲಿ ಬಡಗಿಯನ್ನು ಕರೆಯುವ ಹಾಗೆ; ಗೌರವಕ್ಕಲ್ಲ, ತಮಾಷೆಗೆ.

ಒಂದು ಚಳಿಗಾಲದಲ್ಲಿ ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಒಬ್ಬ ಹೆಂಗಸನ್ನು ಕರೆದುಕೊಂಡು ಬಂದರು. ಅರುವತ್ತರ ಆಸುಪಾಸು, ತಲೆಗೆ ಬೂದು ಬಣ್ಣದ ವಸ್ತ್ರ, ಕಾಲಿಗೆ ಓಡುವವರ ಶೂ. ಕಫೀಲರಿಗೆ ಸಣ್ಣದರಲ್ಲಿ ಪಾಠ ಹೇಳಿದ ಟೀಚರ್ ಅಂತೆ. ಪ್ಯಾಲೆಸ್ಟೀನಿನವರು, ಆದರೆ ಹುಟ್ಟಿದ್ದು ಬೆಳೆದದ್ದು ಇಲ್ಲೇ ಕುವೈತಿನಲ್ಲಿ. ಅಜ್ಜನ ಊರು ಗಾಜಾ. ಈಗ ರಿಟೈರಾಗಿ, ಗಾಜಾದಲ್ಲಿ, ಲೆಬನಾನಿನ ನಿರಾಶ್ರಿತರ ಕ್ಯಾಂಪುಗಳಲ್ಲಿ ಶಾಲೆ ತಪ್ಪಿದ ಮಕ್ಕಳಿಗೆ ಓದು ಕಲಿಸುವ ಸಣ್ಣ ಸಣ್ಣ ವಿಡಿಯೋ ಮಾಡಿ ಫೋನಿನಲ್ಲಿ ಕಳಿಸುತ್ತಾರೆ. ಅದಕ್ಕೆ ಒಂದು ಗೊಂಬೆಯಾಟದ ಪೆಟ್ಟಿಗೆ ಬೇಕು, ಮತ್ತೆ ಒಂದು ಆಮೆ.

"ಆಡು ನನ್ನ ಹತ್ತಿರ ಉಂಟು" ಅಂದರು, ಹಿಂದಿಯಲ್ಲಿ. ಅವರ ಕೈಚೀಲದಿಂದ ಬಟ್ಟೆಯ ಆಡೊಂದು ಇಣುಕಿತು. "ಇದು ವಾಚಾಳಿ. ಆಮೆ ಮಾತಾಡುವುದಿಲ್ಲ. ಅದು ಕೇಳಬೇಕು."

"ಗೊಂಬೆ ಕೇಳುವುದು ಅಂದರೆ ಹೇಗೆ?" ಅಂದೆ.

"ಅದು ನಿನ್ನ ಕೆಲಸ ಉಸ್ತಾದ್" ಅಂದರು.

ಆ ಮಾತು ನನಗೆ ತಾಗಿತು. ಮೂರು ಶುಕ್ರವಾರ ಕೂತೆ. ಚಿಪ್ಪಿಗೆ ಹಳೆಯ ಟೇಬಲ್ಲಿನ ವಾಲ್ನಟ್, ಕತ್ತಿಗೆ ತೇಗ. ಕತ್ತು ಚಿಪ್ಪಿನ ಒಳಗಿನಿಂದ ಇಷ್ಟಿಷ್ಟೇ ಹೊರಗೆ ಬರಬೇಕು, ಬಂದು ತಿರುಗಬೇಕು, ನಿಲ್ಲಬೇಕು. ಒಳಗೆ ಒಂದು ಜಾರುವ ಕೋಲು, ಎರಡು ಚಕ್ರ, ಅಡಿಯಿಂದ ಹಿಡಿಯಲು ಹಿಡಿಕೆ. ಮುಗಿಸಿ ಕೊಟ್ಟಾಗ ಟೀಚರ್ ಕೈ ಹಾಕಿ ನೋಡಿದರು. ಕತ್ತು ಗಕ್ಕನೆ ಹೊರಗೆ ಹಾರಿ ಗಕ್ಕನೆ ಒಳಗೆ ಹೋಯಿತು. ಅವರಿಗೆ ಮಣಿಕಟ್ಟಿನ ನೋವು. "ನೀನೇ ಹಿಡಿ" ಅಂದರು. ಹೀಗೆ ನಾನು ಆಮೆಯ ಕೈಯಾದೆ.

ಶುಕ್ರವಾರ ಬೆಳಿಗ್ಗೆ ಕಾರ್ಖಾನೆಗೆ ರಜೆ. ಕಂಪ್ರೆಸರ್ ಆರಿಸಿ, ಪಕ್ಕದ ಕೋಲ್ಡ್ ಸ್ಟೋರೇಜಿನ ಗುಂಯ್ ಶಬ್ದ ಬಾರದ ಹಾಗೆ ಬಾಗಿಲಿಗೆ ಸ್ಪಂಜಿನ ಹಾಳೆ ಒರಗಿಸಿ, ಪೆಟ್ಟಿಗೆಯ ಹಿಂದೆ ನಾವಿಬ್ಬರೂ ಕೂರುತ್ತಿದ್ದೆವು. ಪೊರ್ಬು ಇಗರ್ಜಿಗೆ ಹೋಗಿ ಬಂದವನು ಫೋನ್ ಹಿಡಿದು ಶೂಟ್ ಮಾಡುತ್ತಿದ್ದ. ಮಕ್ಕಳು ಓದಿದ್ದು ದನಿಯಾಗಿ ಫೋನಿನಲ್ಲಿ ಬರುತ್ತಿತ್ತು. ಟೀಚರ್ ಅದನ್ನು ಹಾಕಿದಾಗ ಆಮೆ ಮೆಲ್ಲ ಕತ್ತು ಹೊರಗೆ ತಂದು ಕೇಳುವುದು. ಮಗು ತಡವರಿಸಿದರೆ ಆಮೆ ಕತ್ತು ಒಳಗೆ ಎಳೆದುಕೊಳ್ಳಬಾರದು. ಕಾಯಬೇಕು.

ಟೀಚರ್ ಹತ್ತಿರ ಇನ್ನೊಂದು ಕ್ರಮ ಇತ್ತು. ಒಂದು ವಿಡಿಯೋದಲ್ಲಿ ಇಬ್ಬರು ಮಕ್ಕಳು, ಬೇರೆ ಬೇರೆ ಊರಿನವರು. ಎರಡನೆಯ ಮಗು ಓದುವ ಮೊದಲು ಮೊದಲನೆಯ ಮಗುವಿನ ಓದಿನಲ್ಲಿ ತನಗೆ ಹಿಡಿಸಿದ ಒಂದು ಸಂಗತಿ ಹೇಳಲೇಬೇಕು. ಪೇಟೆಯ ಮಕ್ಕಳಿಗೆ ಹಳ್ಳಿಯ ಮಕ್ಕಳ ಮಾತು ಕೇಳಿದರೆ ನಗು. ಕ್ಯಾಂಪಿನ ಮಕ್ಕಳಿಗೆ ಪೇಟೆಯವರನ್ನು ಅಣಕಿಸುವುದೆಂದರೆ ಹಬ್ಬ. "ಕಷ್ಟ ಬಂದವರು ಒಬ್ಬರನ್ನೊಬ್ಬರು ನೋಡಿ ನಗುವುದಿಲ್ಲ ಅಂತ ನಿನಗೆ ಅನಿಸುತ್ತದಾ?" ಅಂತ ಒಮ್ಮೆ ಕೇಳಿದರು. "ಜಾಸ್ತಿ ನಗುತ್ತಾರೆ ಭಾಯಿ. ನಗುವುದಕ್ಕೆ ಅವರಿಗೆ ಬೇರೆ ಎಂತ ಉಂಟು?"

ನನಗೆ ಬರುವ ಅರಬ್ಬಿ ಅಂದರೆ ಅಳತೆ, ಮರ, ಸಂಬಳ, ಮತ್ತೆ ಬೈಗಳು. ಪುಸ್ತಕದ ಅರಬ್ಬಿ ಒಂದಕ್ಷರ ತಿಳಿಯುವುದಿಲ್ಲ. ಆದರೂ ಓದು ಕೇಳಿದರೆ ಮಗು ಎಲ್ಲಿ ಹೆದರಿತು, ಎಲ್ಲಿ ಸುಳ್ಳು ಧೈರ್ಯದಲ್ಲಿ ಓಡಿತು, ಎಲ್ಲಿ ಒಂದು ಶಬ್ದ ಪೂರಾ ಸಿಕ್ಕಿ ಖುಷಿಯಾಯಿತು ಅಂತ ಗೊತ್ತಾಗುತ್ತಿತ್ತು. ಅದಕ್ಕೆ ಭಾಷೆ ಬೇಡ.

ಗಾಜಾದ ಒಂದು ಹುಡುಗಿ. ಎಂಟು ವರ್ಷ ಅಂತ ಅವಳ ಅಮ್ಮ ಹೇಳಿದ್ದರು. ಟೆಂಟಿನಲ್ಲಿ ವಾಸ. ರಟ್ಟು ಕಿತ್ತುಹೋದ ಒಂದು ಪಾಠದ ಪುಸ್ತಕ ಅವಳ ಹತ್ತಿರ ಇತ್ತು. ವಾರಕ್ಕೆ ಒಂದು ಪುಟ ಓದಿ ಕಳಿಸುತ್ತಿದ್ದಳು. ಹಿಂದೆ ಗಾಳಿಗೆ ತಾಡಪಾಲು ಬಡಿಯುವ ಶಬ್ದ, ಯಾರೋ ಕೆಮ್ಮುವುದು, ಮೇಲೆ ಯಾವಾಗಲೂ ಒಂದು ಗುಂಯ್. ನಮ್ಮ ಪಕ್ಕದ ಕೋಲ್ಡ್ ಸ್ಟೋರೇಜಿನ ಹಾಗೆ ಅಂದುಕೊಂಡಿದ್ದೆ. ಅದು ಡ್ರೋನ್ ಅಂತ ಟೀಚರ್ ಹೇಳಿದರು. ಮೊದಲ ವಾರಗಳಲ್ಲಿ ಅಕ್ಷರ ಅಕ್ಷರ ಬಿಡಿಸಿ ಕಲ್ಲು ಹೆಕ್ಕುವ ಹಾಗೆ ಓದಿದಳು. ಬರಬರುತ್ತಾ ಒಂದು ಸಾಲನ್ನು ಒಂದೇ ಉಸಿರಿಗೆ. ಲೆಬನಾನಿನ ಒಬ್ಬ ಹುಡುಗ, ಭಾರಿ ಅಹಂಕಾರದವನು, ಅವಳ ಬಗ್ಗೆ ಒಳ್ಳೆಯದು ಹೇಳಬೇಕಾಗಿ ಬಂದಾಗ ಬಹಳ ಯೋಚಿಸಿ, "ಅವಳು ನಿಲ್ಲಿಸಿದಲ್ಲಿಗೇ ವಾಪಸು ಬಂದು ಓದುತ್ತಾಳೆ, ಹಾರಿಸುವುದಿಲ್ಲ. ನಾನು ಹಾರಿಸುತ್ತೇನೆ" ಅಂದ. ಟೀಚರ್ ಪೆಟ್ಟಿಗೆಯ ಹಿಂದೆ ಕಣ್ಣೊರೆಸಿಕೊಂಡರು.

ಅವಳ ಓದು ಕೇಳುವಾಗ ನನ್ನ ಕೈ ತಾನಾಗಿ ಆಮೆಯ ಕತ್ತನ್ನು ತೂಗುತ್ತಿತ್ತು. ನಮ್ಮ ಊರಿನಲ್ಲಿ ಯಕ್ಷಗಾನ ಆಟದ ರಾತ್ರಿ ಭಾಗವತರು ಒಳ್ಳೆಯ ಪದ ಎತ್ತಿದರೆ ಎದುರಿನ ಸಾಲಿನ ಅಜ್ಜಂದಿರು ತಲೆದೂಗುವುದಿಲ್ಲವಾ, ಆ ಕಡೆ ಈ ಕಡೆ, ಹಾಗೆ. ಹೌದು ಮಗಾ, ಸರಿ ಮಗಾ, ಇನ್ನೂ ಇನ್ನೂ. ಅವಳು ಚೆನ್ನಾಗಿ ಓದಿದಷ್ಟೂ ಆಮೆ ಜೋರಾಗಿ ತೂಗುತ್ತಿತ್ತು.

ಹನ್ನೊಂದನೆಯ ಪುಟಕ್ಕೆ ಬಂದು ಅವಳು ನಿಂತಳು. ಮುಂದಿನ ವಾರ ಅದೇ ಪುಟ ಮತ್ತೆ ಬಂತು. ಅದರ ಮುಂದಿನ ವಾರವೂ ಅದೇ. ದನಿ ಸಣ್ಣದಾಗಿತ್ತು. ನಾನು ಅವಳನ್ನು ಹುರಿದುಂಬಿಸಲು ಇನ್ನೂ ತೂಗಿದೆ.

ಆಮೇಲೆ ಅವಳ ಅಮ್ಮನ ಮಾತು ಬಂತು. ಟೀಚರ್ ಅದನ್ನು ಕೇಳಿ ನನಗೆ ಹಿಂದಿಯಲ್ಲಿ ತಿಳಿಸಿದರು. "ಹುಡುಗಿ ಕೇಳುತ್ತಿದ್ದಾಳೆ, ಆಮೆಗೆ ತನ್ನ ಓದಿನಲ್ಲಿ ಎಂತ ತಪ್ಪು ಕಾಣುತ್ತದೆ ಅಂತ. ಸರಿಯಾಗಿ ಓದಿದಿ ಅಂತ ನಾನು ಹೇಳಿದರೂ ಕೇಳುವುದಿಲ್ಲ. ಆಮೆ ಒಪ್ಪದೆ ಮುಂದಿನ ಪುಟ ಮಗುಚುವುದಿಲ್ಲ ಅಂತ ಹಟ."

ಟೀಚರ್ ಹಳೆಯ ವಿಡಿಯೋ ತೆಗೆದು ನೋಡಿದರು. ನೋಡುತ್ತಾ ನೋಡುತ್ತಾ ಒಮ್ಮೆಲೆ ನಗಲು ಶುರು ಮಾಡಿದರು, ಮತ್ತೆ ಬಾಯಿಗೆ ಕೈ ಅಡ್ಡ ಹಿಡಿದರು.

"ಉಸ್ತಾದ್, ನಿನ್ನ ತಲೆ!"

"ನನ್ನ ತಲೆಗೆ ಎಂತ ಆಯಿತು?"

"ಹೀಗೆ ಹೀಗೆ ಮಾಡುತ್ತೀಯಲ್ಲ. ಅಲ್ಲಿ ಅದು 'ಇಲ್ಲ'. ಅಲ್ಲಿಯ ಮಕ್ಕಳಿಗೆ ಅದು 'ಅಲ್ಲ, ತಪ್ಪು'."

ಅವರಿಗೆ ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ ಅಂದರೆ, ಅವರು ಬೆಳೆದದ್ದೇ ನಮ್ಮ ತಲೆಗಳ ನಡುವೆ. ಬಕಾಲಾ ಅಂಗಡಿಯವನು, ಇಸ್ತ್ರಿಯವನು, ಶಾಲೆಯ ಬಸ್ಸಿನ ಡ್ರೈವರ್, ಆಸ್ಪತ್ರೆಯ ನರ್ಸು, ಎಲ್ಲರೂ ಕೇರಳ, ತಮಿಳುನಾಡು, ನಮ್ಮ ಕರಾವಳಿಯವರು. ನಮ್ಮ ತಲೆದೂಗು ಅವರಿಗೆ ಅವರ ಮನೆಯವರದ್ದೇ ಆಗಿಹೋಗಿತ್ತು. ಕುವೈತಿನಲ್ಲಲ್ಲದೆ ಬೇರೆಲ್ಲಿ ಆದರೂ ಮೊದಲ ದಿನವೇ ಯಾರಾದರೂ ಹೇಳುತ್ತಿದ್ದರು.

ಪೊರ್ಬುಗೆ ನಗೆ ತಡೆಯಲಿಲ್ಲ. "ಆಚಾರ್ರೇ, ಇಡೀ ಗಾಜಾವನ್ನು ಫೇಲ್ ಮಾಡಿದಿರಲ್ಲ ಮಾರಾಯ್ರೆ!"

"ಬಾಯಿ ಮುಚ್ಚು" ಅಂದೆ. ಟೀಚರ್ ಕಡೆಗೆ ತಿರುಗಿ, "ನನ್ನ ತಲೆ ಸರಿಯಾಗಿಯೇ ಉಂಟು. ನಮ್ಮಲ್ಲಿ ಇದಕ್ಕಿಂತ ದೊಡ್ಡ ಹೌದು ಇಲ್ಲ" ಅಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು.

ಅವರಿಗೆ ಸಿಟ್ಟು ಬರಲಿಲ್ಲ. ಆಡನ್ನು ತೊಡೆಯ ಮೇಲಿಟ್ಟುಕೊಂಡರು. "ಅದನ್ನೇ ಹೇಳೋಣ. ಈ ಆಮೆ ದೂರದ ಊರಿನದು, ಅಲ್ಲಿ ಹೌದು ಅಂದರೆ ಹೀಗೆ. ನೀನೇ ಹೇಳು, ನಿನ್ನ ಭಾಷೆಯಲ್ಲಿ. ಇಷ್ಟು ದಿನ ಕೇಳಿದ ಆಮೆ ಒಂದು ಮಾತಾಡಲಿ."

ತುಳುವಿನಲ್ಲಿ ಹೇಳುವುದಾ, ಕನ್ನಡದಲ್ಲಾ ಅಂತ ಸ್ವಲ್ಪ ಗಲಿಬಿಲಿಯಾಯಿತು. ಓದಿನ ಸಂಗತಿಯಲ್ಲವಾ, ಕನ್ನಡವೇ ಇರಲಿ ಅಂತ, "ಚಂದ ಓದಿದಿ ಮಗಾ. ಇನ್ನು ಮುಂದಿನ ಪುಟ ತೆಗಿ" ಅಂದೆ. ಆಡು ಕುಣಿದು ಕುಣಿದು ಅದನ್ನು ಅರಬ್ಬಿಯಲ್ಲಿ ಹೇಳಿತು. ಆಮೆ ಹಿಂದೆಂದೂ ಇಲ್ಲದಷ್ಟು ತಲೆದೂಗಿತು. ಆಡು ತಾನೂ ಹಾಗೆ ಮಾಡಲು ಹೋಗಿ ಕವುಚಿ ಬಿತ್ತು. ಒಳ್ಳೆಯ ವಿಡಿಯೋ ಆಯಿತು. ಕಳಿಸಿದೆವು.

ಲೆಬನಾನಿನಿಂದ, ಜೋರ್ಡಾನಿನಿಂದ ಮಕ್ಕಳು ತಲೆದೂಗುವ ವಿಡಿಯೋ ರಾಶಿ ರಾಶಿ ಬಂತು. ಆ ಅಹಂಕಾರದ ಹುಡುಗ ತನ್ನ ಅಜ್ಜಿಯಿಂದಲೂ ತಲೆ ತೂಗಿಸಿದ್ದ. ಅಜ್ಜಿಯ ಕತ್ತು ಹಿಡಿದುಕೊಂಡಿತಂತೆ. ನಮ್ಮ ಊರಿನ ಹೌದು ಅಲ್ಲಿಯವರೆಗೆ ಹೋಯಿತು ಅಂತ ನನಗೆ ಭಾರಿ ಹೆಮ್ಮೆ. ಪೊರ್ಬು ದಿನಕ್ಕೊಮ್ಮೆ, "ಏನು ಆಮೆ ಸಾಹೇಬ್ರೇ, ಇವತ್ತು ಯಾವ ದೇಶದ ತಲೆ?" ಅಂತ ಕೇಳುತ್ತಿದ್ದ.

ಆ ಹುಡುಗಿಯಿಂದ ಮಾತ್ರ ಎಂತದ್ದೂ ಇಲ್ಲ. ವಾಟ್ಸಾಪಿನಲ್ಲಿ ಕಳಿಸಿದ್ದರ ಕೆಳಗೆ ಒಂದೇ ಗೀಟು. ತಲುಪಿದರೆ ಎರಡು ಬೀಳಬೇಕು. ಟೀಚರ್ ಬಂದ ಕೂಡಲೇ ಫೋನು ತೋರಿಸುತ್ತಿದ್ದರು, ನಾನು ಕೇಳುವ ಮೊದಲೇ. ರಂಜಾನ್ ಬಂದು ಹೋಯಿತು. ಬಿಸಿಲು ಏರಿತು. ನಾವು ಅವಳ ಹೆಸರು ಹೇಳುವುದನ್ನು ಬಿಟ್ಟೆವು. ಹೇಳಿದರೆ ಎಲ್ಲಿ ಏನಾಗುತ್ತದೋ ಅಂತ.

ಒಂದು ದಿನ ಕೆಲಸದ ಹೊತ್ತಿನಲ್ಲೇ ಟೀಚರ್ ಬಂದರು. ಯಾವತ್ತೂ ಹಾಗೆ ಬಂದವರಲ್ಲ. ಕಂಪ್ರೆಸರ್ ಆರಿಸಲು ಕೈಸನ್ನೆ ಮಾಡಿ, ಮರದ ರಾಶಿಯ ಮೇಲೆ ಕೂತರು.

"ಬೇರೆ ನಂಬರಿನಿಂದ ಅಮ್ಮ ಕಳಿಸಿದ್ದಾಳೆ. ಜೀವ ಉಂಟು. ಇಬ್ಬರಿಗೂ ಉಂಟು."

"ಅಲ್ಹಮ್ದುಲಿಲ್ಲಾ" ಅಂತ ನನ್ನ ಬಾಯಿಂದಲೂ ಬಂತು.

"ಹುಡುಗಿಗೆ ಕಿವಿ ಹೋಗಿದೆ" ಅಂದರು. ಪಕ್ಕದ ಟೆಂಟಿನ ಹತ್ತಿರ ಬಾಂಬು ಬಿದ್ದಿತ್ತಂತೆ. ಮೈಗೆ ಗಾಯ ಇಲ್ಲ. ಕಿವಿಯಿಂದ ರಕ್ತ ಬಂದು ನಿಂತಿತು, ಅದರ ಜೊತೆಗೇ ಶಬ್ದವೂ ನಿಂತಿತು. ವಾಪಸು ಬರಬಹುದು, ಬಾರದೆಯೂ ಇರಬಹುದು. ನೋಡುವ ಡಾಕ್ಟರು ಅಲ್ಲಿ ಇಲ್ಲ.

ಅಮ್ಮನಿಗೆ ಹೊಸ ಫೋನು ಸಿಕ್ಕಿದ ಮೇಲೆ ಸಂಬಂಧಿಕರು ನಮ್ಮ ವಿಡಿಯೋ ಅವರಿಗೆ ಕಳಿಸಿದ್ದರು. ಮಗು ಎರಡು ಕೈಯಲ್ಲಿ ಫೋನು ಹಿಡಿದು ನೋಡಿತಂತೆ. ನನ್ನ ಕನ್ನಡ ಅವಳಿಗೆ ಕೇಳಲಿಲ್ಲ. ಆಡಿನ ಅರಬ್ಬಿಯೂ ಕೇಳಲಿಲ್ಲ. ಕಂಡದ್ದು ಆಮೆಯ ತಲೆ ಮಾತ್ರ, ಯಾವತ್ತಿಗಿಂತ ಜೋರಾಗಿ ಆ ಕಡೆ ಈ ಕಡೆ ಹೋಗುವುದು. ಆಮೇಲೆ ಆಡು ಬಿದ್ದು ಹೊರಳಾಡುವುದು. ಫೋನು ಕವುಚಿ ಇಟ್ಟು ಅಮ್ಮನಿಗೆ ಹೇಳಿದಳಂತೆ, "ಆಮೆ ಮತ್ತೂ ತಪ್ಪು ಅಂತು. ಈ ಸಲ ಆಡು ಕೂಡ ನಕ್ಕಿತು."

ಅಮ್ಮ ಕಾಗದದಲ್ಲಿ ಬರೆದು ತೋರಿಸಿದರು: ಅಲ್ಲ, ಅದು ಹೌದು ಅಂದದ್ದು. ಮಗು ನಂಬಲಿಲ್ಲ. "ನೀನು ಸಮಾಧಾನಕ್ಕೆ ಹೇಳುತ್ತೀ. ಆಮೆ ಹೇಳಲಿ."

ಕೈಯಲ್ಲಿದ್ದ ಸುತ್ತಿಗೆಯನ್ನು ಎಲ್ಲಿಡುವುದು ಅಂತ ಗೊತ್ತಾಗದೆ ಹಿಡಿದುಕೊಂಡೇ ನಿಂತೆ. ಪೊರ್ಬು ಸ್ಟೇಪ್ಲರ್ ಗನ್ ಕೆಳಗಿಟ್ಟು ಹೊರಗೆ ಬಿಸಿಲಿಗೆ ಹೋದ.

ನಾನು ಮಾಡಿದ ಕತ್ತು ಹೊರಗೆ ಬರುತ್ತದೆ, ಬದಿಗೆ ತಿರುಗುತ್ತದೆ. ಮೇಲೆ ಕೆಳಗೆ ಆಡುವುದಿಲ್ಲ. ಹಾಗೆ ಆಡಬೇಕು ಅಂತ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅಷ್ಟು ನಯವಾಗಿ ಕೂಡಿದ ಕೆಲಸ ಜೀವಮಾನದಲ್ಲಿ ಇನ್ನೊಂದು ಮಾಡಿಲ್ಲ. ಸಂದಿನಲ್ಲಿ ಕೂದಲು ತೂರುತ್ತಿರಲಿಲ್ಲ. ಆ ಶುಕ್ರವಾರ ಅದನ್ನು ಮರ ಹಿಡಿಯುವ ವೈಸಿಗೆ ಸಿಕ್ಕಿಸಿ, ಗಂಟಲಿನ ಹತ್ತಿರ ಗರಗಸ ಹಾಕಿದೆ. ಟೀಚರ್ "ಹೊಸತು ಮಾಡಬಹುದಲ್ಲ" ಅಂದರು. ಬೇಡ ಅಂದೆ. ಅವಳು ನೋಡಿದ ಮುಖ ಇದು. ಇದೇ ಹೇಳಬೇಕು. ಸೋಫಾದ ಚರ್ಮದ ತುಂಡು ಕೊಯ್ದು ಕತ್ತಿನ ಒಳಗೆ ಬಿಜಾಗರಿ ಕೂಡಿಸಿದೆ. ಹೊಲಿಗೆ ಹೊರಗೆ ಕಾಣುತ್ತಿತ್ತು. ಪೊರ್ಬು ಅದರ ಮೇಲೆ ಬಟ್ಟೆಯ ಒಂದು ಸುತ್ತು ಹಾಕಿ ಕೊಟ್ಟ. ಗಂಟಲು ನೋವಿಗೆ ಮಫ್ಲರ್ ಕಟ್ಟಿದ ಹಾಗೆ ಆಯಿತು.

ಆಮೇಲೆ ನನ್ನ ಕೈಗೆ ಕಲಿಸಬೇಕು. ಕೈ ಮೇಲೆ ಕೆಳಗೆ ಹೋದರೆ ನನ್ನ ಸ್ವಂತ ತಲೆ ಬದಿಗೆ ಹೋಗುವುದು, ತಲೆಯ ಹಿಂದೆ ಕೈಯೂ ಹೋಗುವುದು.

"ಕತ್ತು ಗಟ್ಟಿ ಹಿಡಿ ಉಸ್ತಾದ್."

"ಹಿಡಿದಿದ್ದೇನೆ ಟೀಚರ್."

"ಹಿಡಿದಿದ್ದೇನೆ ಅಂತ ಹೇಳುವಾಗಲೂ ಅಲ್ಲಾಡಿಸುತ್ತಿದ್ದೀ!"

ಕಡೆಗೆ ಪೊರ್ಬು ನನ್ನ ಹಿಂದೆ ನಿಂತು ಎರಡು ಕೈಯಿಂದ ನನ್ನ ತಲೆಯನ್ನು ಅದುಮಿ ಹಿಡಿದ, ಕ್ಷೌರದವನು ಹಿಡಿಯುವ ಹಾಗೆ. ಫೋನನ್ನು ಸ್ಪಂಜಿನ ಕಟ್ಟಿಗೆ ಒರಗಿಸಿಟ್ಟೆವು. ಟೀಚರ್ ಅವಳ ಹಳೆಯ ದನಿ ಹಾಕಿದರು, ಅದೇ ಹನ್ನೊಂದನೆಯ ಪುಟ. ಅವಳಿಗೆ ಅದು ಕೇಳುವುದಿಲ್ಲ, ನಿಜ. ಆದರೆ ಕೇಳದೆ ಕೇಳಿದ ಹಾಗೆ ಮಾಡುವುದು ನನ್ನಿಂದ ಆಗದ ಕೆಲಸ. ತಾಡಪಾಲಿನ ಶಬ್ದ ಬಂತು, ಕೆಮ್ಮು ಬಂತು, ಆ ಗುಂಯ್ ಬಂತು, ಅದರ ನಡುವೆ ಅವಳು ಬಂದಳು. ನಿಲ್ಲಿಸಿದಲ್ಲಿಗೆ ವಾಪಸು ಹೋಗಿ ಓದಿದಳು. ಆಮೆ ಅಲ್ಲಾಡದೆ ಕೇಳಿತು. ಮುಗಿದ ಮೇಲೆ ತಲೆಯನ್ನು ಮೆಲ್ಲ ಕೆಳಗೆ ತಂದು ಮೇಲೆ ಎತ್ತಿತು. ಇನ್ನೊಮ್ಮೆ. ಆಡು ಕುಣಿಯಲಿಲ್ಲ. ಒಂದು ರಟ್ಟನ್ನು ಎತ್ತಿ ಹಿಡಿಯಿತು. ಅದರಲ್ಲಿ ಟೀಚರ್ ದಪ್ಪ ಅಕ್ಷರದಲ್ಲಿ ಎರಡೇ ಶಬ್ದ ಬರೆದಿದ್ದರು, ಮುಂದಿನ ಪುಟ ಅಂತ. ಅವಳು ಓದಬಲ್ಲ ಶಬ್ದಗಳೇ.

ಎರಡು ಗೀಟು ಬಿತ್ತು. ಬಹಳ ವಾರ ಅಷ್ಟೇ.

ಮತ್ತೆ ಒಂದು ತುಂಡು ವಿಡಿಯೋ ಬಂತು. ಮುಖ ಇಲ್ಲ. ನೆಲದ ಮೇಲೆ ಪುಸ್ತಕ, ಅದರ ಮೇಲೆ ಒಂದು ಸಣ್ಣ ಕೈ, ಉಗುರಿನಲ್ಲಿ ಮಣ್ಣು. ಕೈ ಪುಟ ಮಗುಚಿತು, ಅಂಗೈಯಿಂದ ಸವರಿ ಸಪಾಟು ಮಾಡಿತು. ಓದು ಇಲ್ಲ. ಬೆರಳು ಮೊದಲನೆಯ ಶಬ್ದದ ಕೆಳಗೆ ನಿಂತದ್ದು ಕಾಣುತ್ತದೆ, ಅಲ್ಲಿಗೆ ಮುಗಿಯುತ್ತದೆ. ಟೀಚರ್ ಅದನ್ನು ನನಗೆ ತೋರಿಸಿ, "ಮಗುಚಿದಳು" ಅಂದರು. ಅವರ ಮುಖದಲ್ಲಿ ಖುಷಿ ಇರಲಿಲ್ಲ. ನನ್ನದರಲ್ಲೂ ಇರಲಿಕ್ಕಿಲ್ಲ. ತನ್ನ ದನಿ ತನಗೇ ಕೇಳದ ಮಗು ಗಟ್ಟಿಯಾಗಿ ಹೇಗೆ ಓದೀತು?

ಆ ನಂಬರೂ ಆಮೇಲೆ ಮೌನವಾಯಿತು. ಟೀಚರ್ ಮಣಿಕಟ್ಟು ಪೂರಾ ಕೆಟ್ಟು, ಈ ವರ್ಷ ಅಮ್ಮಾನಿನಲ್ಲಿ ತಮ್ಮನ ಮನೆಗೆ ಹೋದರು. ಆಡನ್ನು ಕೊಂಡುಹೋದರು. ಅಲ್ಲಿಂದಲೇ ಏನಾದರೂ ಮಾಡುತ್ತೇನೆ ಅಂದಿದ್ದಾರೆ. ಆಮೆಯನ್ನು ಕೊಂಡುಹೋಗಿ ಅಂದೆ. "ಅವಳು ಓದಿದರೆ ನಿನಗೆ ಕಳಿಸುತ್ತೇನೆ. ಆಗ ನೀನು ಕೇಳಬೇಕಲ್ಲ" ಅಂದರು. ಏರ್‌ಪೋರ್ಟಿಗೆ ಪೊರ್ಬುವಿನ ವ್ಯಾನಿನಲ್ಲಿ ಬಿಟ್ಟು ಬಂದೆವು.

ಈಗ ನನ್ನ ಹತ್ತಿರ ಇರುವುದು ಇಷ್ಟು. ನಾಲ್ವರ ರೂಮಿನಲ್ಲಿ ಒಂದು ಮಂಚ, ಒಂದು ಕಪಾಟು. ಮುಂದಿನ ವರ್ಷದವರೆಗೆ ಇಕಾಮಾ, ಇಲ್ಲಿ ಇರುವ ಪರವಾನಗಿ. ಊರಿನಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಉಳಿ ಹದಿನಾಲ್ಕು, ಗರಗಸ ಮೂರು. ಸಕ್ಕರೆ ಕಾಯಿಲೆಗೆ ಮಾತ್ರೆ, ಬೆಳಿಗ್ಗೆ ಒಂದು, ಸಂಜೆ ಒಂದು. ಮರದ ಆಮೆ ಒಂದು. ಫೋನಿನಲ್ಲಿ ಆ ಹುಡುಗಿ ಓದಿದ ಹನ್ನೊಂದು ಪುಟ.